ಎಡಗಡೆಯ ಬಿಲ್ಲೆ

ಬೆಳಿಗ್ಗೆ ಕಾಣದಿದ್ದ ಹಲ್ಲುಗಳು ಈಗ ಕಲ್ಲಿನಲ್ಲಿ ಕಾಣುತ್ತಿದ್ದವು.

"ಕಾಫಿ ಕುಡಿದು ಬಂದು ನಾನೇ ಬಾಗಿಲು ತೆಗೆದು ನೋಡಿದೀನಿ," ಎಂದರು ಕಾತ್ಯಾಯಿನಿ. ಅವರು ಹೊಸ್ತಿಲ ಆಚೆಯೇ ನಿಂತಿದ್ದರು. "ಆಗ ಅಲ್ಲಿ ಬರೀ ಕಲ್ಲಿತ್ತು. ಬೀಗ ಹಾಕಿ ಕೀ ಸೊಂಟಕ್ಕೆ ಸಿಕ್ಕಿಸ್ಕೊಂಡೆ. ಊಟ ಆದ್ಮೇಲೆ ಸ್ವಲ್ಪ ಅಡ್ಡಾದೆ ನೋಡಿ, ಮತ್ತೆ ಶುರುವಾಯ್ತು. ಟಿಕ್, ಟಿಕ್, ಕಿರ್ರ್. ಅವರು ಇದ್ದಾಗ ಹೇಗೆ ಕೇಳ್ತಿತ್ತೋ ಹಾಗೇ."

"ಎದ್ದು ಬಂದು ನೋಡಲಿಲ್ಲೇನ್ರಿ ಅಮ್ಮಾ?" ಎಂದಳು ಮಧುಮತಿ.

"ಮಟಮಟ ಮಧ್ಯಾಹ್ನ ಸತ್ತ ಗಂಡ ಕೆಲಸ ಮಾಡ್ತಿದಾರೆ ಅಂದ್ರೆ ಬಂದು ನೋಡೋ ಎದೆ ಯಾರಿಗಿರುತ್ತೆ? ಕಿವಿ ಮುಚ್ಕೊಂಡು ನಿಮಗೆ ಫೋನ್ ಮಾಡ್ದೆ."

ಮಧುಮತಿಯ ಪತ್ತೇದಾರಿ ಆಫೀಸು ಜಯನಗರ ಒಂಬತ್ತನೇ ಬ್ಲಾಕಿನಲ್ಲಿ, ಒಂದು ಜೆರಾಕ್ಸ್ ಅಂಗಡಿಯ ಮೇಲಿತ್ತು. ಬಾಗಲಕೋಟೆ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆ ಮನೆ. ಮದುವೆ ಗಂಡುಗಳ ಹಿಂದುಮುಂದು ವಿಚಾರಿಸುವುದೇ ಅವಳ ಅನ್ನದ ದಾರಿ. ಗಂಡು ಕುಡಿಯುತ್ತಾನೋ, ಹೇಳಿದ ಸಂಬಳ ನಿಜವೋ, ಮೊದಲೇ ಒಂದು ಸಂಸಾರ ಇದೆಯೋ, ಇಷ್ಟು ತಿಳಿದು ಹೇಳಿದರೆ ಅವಳ ಕೆಲಸ ಮುಗಿಯಿತು. ದೆವ್ವದ ಹಿಂದುಮುಂದು ವಿಚಾರಿಸಲು ಅವಳನ್ನು ಕರೆದದ್ದು ಇದೇ ಮೊದಲು. ಸದ್ದು ಶುರುವಾದ ಮೇಲೆ, ಎರಡು ದಿನದ ಹಿಂದೆ, ಕಾತ್ಯಾಯಿನಿ ಅವಳಿಗೆ ಈ ಕೆಲಸ ಒಪ್ಪಿಸಿದ್ದರು. ಹೆದರುವ ಜೀವವಲ್ಲ ಅದು. ಆದರೂ ಕೆಂಪು ಕಲ್ಲಿನಿಂದ ಸಾಲಾಗಿ ಹೊರಟಿದ್ದ ಆ ಹಲ್ಲುಗಳನ್ನು ನೋಡಿದಾಗ ಅವಳು ಒಂದು ಹೆಜ್ಜೆ ಹಿಂದೆ ಸರಿದಳು, ಸುಳ್ಳೇಕೆ ಹೇಳಬೇಕು.

ಆ ಕೋಣೆ ಎಂದರೆ ಮನೆಯ ಪಕ್ಕದ ಹಳೆಯ ಕಾರ್ ಶೆಡ್ಡು. ಕಾತ್ಯಾಯಿನಿಯ ಗಂಡ ಶಾಮಣ್ಣ, ಪಳೆಯುಳಿಕೆಗಳ ಸಂಶೋಧಕರು, ಕಾರು ಮಾರಿ, ಅಲ್ಲೊಂದು ಗಟ್ಟಿ ಮೇಜು ಹಾಕಿಸಿಕೊಂಡಿದ್ದರು. ಮೇಜಿನ ಮೇಲೆ ಮಂಚದಷ್ಟು ಉದ್ದದ ಕಲ್ಲು. ಕಲ್ಲಿನೊಳಗಿಂದ ಅರ್ಧ ಎದ್ದು ಬಂದ ಒಂದು ಪ್ರಾಣಿಯ ಪಳೆಯುಳಿಕೆ. ಗೋದಾವರಿ ಬಯಲಿನಲ್ಲಿ ಸಿಕ್ಕಿದ್ದು. ನೀರು ಬಿಟ್ಟು ನೆಲದ ಮೇಲೆ ಬದುಕಲು ಕಲಿತ ಜೀವಿಗಳ ಹಳೆಯ ಕುಲದ್ದು, ಡೈನೋಸಾರ್‌ಗಳಿಗೂ ಹಿಂದಿನದು. ಬೆನ್ನಿನುದ್ದಕ್ಕೂ ಎರಡು ಸಾಲು ಮೂಳೆಯ ಕವಚ, ಮನೆಗೆ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು. ಅದರ ಒಂದೊಂದು ತುಂಡಿಗೂ ಶಾಮಣ್ಣ 'ಬಿಲ್ಲೆ' ಎನ್ನುತ್ತಿದ್ದರು.

ಇಂಥ ಕವಚದ ಪ್ರಾಣಿ ಇದುವರೆಗೆ ಯಾರ ಕಣ್ಣಿಗೂ ಬಿದ್ದಿಲ್ಲ, ಇದರ ವಿವರ ಬರೆದು, ಹೆಸರಿಟ್ಟು ಕಣ್ಣು ಮುಚ್ಚುತ್ತೇನೆ ಎಂದು ಅವರು ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಹೆಸರಿಡುವ ಮೊದಲೇ ಕಣ್ಣು ಮುಚ್ಚಿದರು. ಮೂರು ವಾರದ ಹಿಂದೆ ಒಂದು ಸಂಜೆ ಇದೇ ಮೇಜಿನ ಬುಡದಲ್ಲಿ, ತಲೆಗೆ ಸುತ್ತಿಗೆ ಪೆಟ್ಟು ಬಿದ್ದು ಸತ್ತಿದ್ದರು. ಸುತ್ತಿಗೆ ಅವರ ಸಂಶೋಧನಾ ವಿದ್ಯಾರ್ಥಿ ನಿಂಗರಾಜನದು. ಪ್ರಾಣಿಯ ಮೈಯಿಂದ ಒಂದು ಬಿಲ್ಲೆಯೂ ಕಾಣೆಯಾಗಿತ್ತು. ಕಾತ್ಯಾಯಿನಿ ನಿಂಗರಾಜನ ಮೇಲೆ ಕಂಪ್ಲೇಂಟ್ ಕೊಟ್ಟರು, ಹೋದ ವಾರ ಪೊಲೀಸರು ಅವನನ್ನು ಹಿಡಿದರು. ಪೊಲೀಸ್ ಕಸ್ಟಡಿ ಮುಗಿದು ನಾಳೆ ಕೋರ್ಟು. ಆಮೇಲೆ ಪರಪ್ಪನ ಅಗ್ರಹಾರದ ಜೈಲು.

"ಅವನು ಒಳಗಿದಾನೆ," ಎಂದರು ಕಾತ್ಯಾಯಿನಿ. ಸೆರಗಿನ ತುದಿ ಅವರ ಬೆರಳಿಗೆ ಸುತ್ತಿಕೊಳ್ಳುತ್ತಲೇ ಇತ್ತು. "ಹಾಗಾದ್ರೆ ಇಲ್ಲಿ ಕೆತ್ತೋರು ಯಾರು? ತಪ್ಪು ಮಾಡ್ದೆ ಕಣೇ, ಏನೂ ಅರಿಯದ ಹುಡುಗನ್ನ ಜೈಲಿಗೆ ಹಾಕಿಸ್ದೆ ಅಂತ ಅವರೇ ಬಂದು ಹೇಳ್ತಿದಾರೇನೋ. ಮಧುಮತಿ, ನನಗೆ ದೆವ್ವದ ಭಯ ಅಲ್ಲ. ನನಗೆ ಅದೊಂದೇ ಭಯ."

ಮಧುಮತಿಗೆ ಆ ಮಾತು ನಾಟಿತು. ಗಂಡನನ್ನು ಕಳೆದುಕೊಂಡ ಹೆಂಗಸು ಕೊಂದವನ ಬಗ್ಗೆ ಇಷ್ಟು ಯೋಚಿಸುವುದು ಅವಳು ಕಂಡದ್ದಲ್ಲ.

ಅವಳು ಕಲ್ಲಿನ ಹತ್ತಿರ ಮುಖ ತಂದಳು. ಹಲ್ಲಿನ ಸುತ್ತ ಕಲ್ಲನ್ನು ಬಿಡಿಸಿದ ರೀತಿ ವಿಚಿತ್ರವಾಗಿತ್ತು. ಉಳಿದ ಕಡೆ ಶಾಮಣ್ಣನವರ ಉಳಿಯ ಗೀರುಗಳಿದ್ದವು, ಅಡ್ಡಾದಿಡ್ಡಿ. ಇಲ್ಲಿ ಒಂದು ಗೀರಿಲ್ಲ. ಪ್ರತಿ ಹಲ್ಲಿನ ಬುಡವನ್ನೂ ಬೆಣ್ಣೆಯಿಂದ ಕೂದಲು ತೆಗೆದಂತೆ ಬೇರೆಬೇರೆಯಾಗಿ ಬಿಡಿಸಿದ್ದರು. ಜೊತೆಗೆ ಒಂದು ವಾಸನೆ.

"ಇಲ್ಲಿ ಲವಂಗದ ವಾಸನಿ ಬರಾಕತ್ತೈತಿ," ಎಂದಳು.

ಕಾತ್ಯಾಯಿನಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ನಿಮಗೂ ಬಂತಾ? ಅವರಿಗೆ ದವಡೆ ಹಲ್ಲು ನೋವು. ಸದಾ ಬಾಯಲ್ಲೊಂದು ಲವಂಗ ಇಟ್ಕೊಂಡೇ ಕೆಲಸ ಮಾಡೋರು. ಅದಕ್ಕೇ ನಾನು ಒಳಗೆ ಬರ್ತಿಲ್ಲ."

"ಅವರ ಹಲ್ಲು ಯಾರು ನೋಡ್ತಿದ್ರು?"

"ಇನ್ಯಾರು? ನಮ್ಮ ಹಂಸಾ."

ಹಂಸಾ ಎಂದರೆ ಕಾತ್ಯಾಯಿನಿಯ ಅಕ್ಕನ ಮಗಳು. ಜೆ.ಪಿ. ನಗರದಲ್ಲಿ ಹಲ್ಲಿನ ಕ್ಲಿನಿಕ್ಕು ನಡೆಸುತ್ತಾಳೆ. ಚಿಕ್ಕಪ್ಪ ಹೋದ ಮೇಲೆ ಚಿಕ್ಕಮ್ಮನ ಜೊತೆ ಇಲ್ಲೇ ಉಳಿದಿದ್ದಾಳೆ. ಮೂಳೆ ಕಂಡರೆ ಹೇಸಿಗೆ, ಆ ಶೆಡ್ಡಿಗೆ ಕಾಲಿಟ್ಟೇ ವರ್ಷವಾಯಿತು ಎಂದು ಪೊಲೀಸರಿಗೂ ಹೇಳಿದ್ದಳು, ಮಧುಮತಿಗೂ ಹೇಳಿದ್ದಳು.

ಮಧುಮತಿ ಕಲ್ಲಿಗೆ ಬಗ್ಗಿ ಇನ್ನೊಮ್ಮೆ ಮೂಸಿದಳು. ಹೋದ ವರ್ಷ ಹುಳುಕು ಹಲ್ಲು ತುಂಬಿಸಿಕೊಂಡು ಬಂದಾಗ ಎರಡು ದಿನ ತನ್ನ ಬಾಯಿಯೇ ಲವಂಗದೆಣ್ಣೆ ನಾರುತ್ತಿದ್ದುದು ಅವಳಿಗೆ ನೆನಪಾಯಿತು.

ಲವಂಗ ದೆವ್ವದ್ದೂ ಇರಬಹುದು, ಡಾಕ್ಟರದ್ದೂ ಇರಬಹುದು. ವಾಸನೆಯನ್ನು ಹಿಡಿದು ಕೋರ್ಟಿಗೆ ಹಾಜರುಪಡಿಸಲು ಬರುವುದಿಲ್ಲ. ಆದರೆ ಬೆಳಗ್ಗಿನಿಂದ ಇನ್ನೊಂದು ಮಾತು ಅವಳ ತಲೆಯೊಳಗೆ ನೊಣದಂತೆ ಸುತ್ತುತ್ತಿತ್ತು.

ಬೆಳಿಗ್ಗೆ ಅವಳು ಎರಡನೇ ಸಲ ಸ್ಟೇಷನ್ನಿಗೆ ಹೋಗಿ ನಿಂಗರಾಜನನ್ನು ಕಂಡಿದ್ದಳು. ಸುರಪುರದ ಹುಡುಗ, ಬಿಟಿಎಂನಲ್ಲಿ ಅವಳ ಮನೆಯಿಂದ ನಾಲ್ಕು ಬೀದಿ ಆಚೆಗೆ ಅವನ ರೂಮು. ಅವನ ಕಣ್ಣುಗಳು ಒಳಕ್ಕೆ ಹೋಗಿದ್ದವು. ಇನ್ಸ್‌ಪೆಕ್ಟರ್ ಕೆಂಪರಾಜು ಪಕ್ಕದಲ್ಲೇ ಕೂತು ಟೀ ಕುಡಿಯುತ್ತಿದ್ದರು.

"ಯಾವ ಬಿಲ್ಲೆ ಹೋಗೇದ ಅಂತ ನನಗ ಪೊಲೀಸ್ರೇ ಹೇಳಿದ್ದು, ಅಕ್ಕಾ," ಎಂದಿದ್ದ ನಿಂಗರಾಜ. "ಫೋಟೋ ತೋರ್ಸಿದ್ರು. ಬಲಗಡಿದು, ಕುತ್ತಿಗಿ ಹತ್ರದ್ದು."

"ಬಲಗಡೆ ಅಂತ ನಾವೆಲ್ಲ ಹೇಳ್ತೀವಿ," ಎಂದು ಕೆಂಪರಾಜು ನಕ್ಕಿದ್ದರು. "ಆ ಹಲ್ಲಿನ ಡಾಕ್ಟ್ರಮ್ಮ ಮಾತ್ರ ಅವತ್ತು ಎಡಗಡೇದು, ಎಡಗಡೇದು ಅಂತ ಪ್ರಾಣ ತಿಂದ್ರು. ನಮ್ಮೋರು ಎಡಗಡೆ ಹುಡುಕಿದ್ದೇ ಹುಡುಕಿದ್ದು, ಅಲ್ಲೆಲ್ಲ ಬಿಲ್ಲೆ ಸರಿಯಾಗೇ ಇದೆ. ಪಾಪ, ಗಾಬರೀಲಿ ಎಡ-ಬಲ ಮರೆತೋಯ್ತು."

ನಿಂಗರಾಜ ಆಗ ಅವಳ ಮುಖವನ್ನೇ ನೋಡಿದ್ದ. "ಹಂಸಾ ಮೇಡಂ ಎಡಗಡಿ ಅಂದ್ರಾ?"

"ಹೂಂನೋ. ಯಾಕ?"

"ಏನಿಲ್ಲಕ್ಕಾ. ನಮ್ಮ ಕೆಲಸದಾಗ ಎಡ-ಬಲ ನೋಡೋವ್ರದು ಅಲ್ಲ, ಪ್ರಾಣೀದು. ಅದರ ಎಡಗೈ ಯಾವ ಕಡಿಗೋ ಅದೇ ಎಡ. ಆದರ ಇದು ಬೋರಲು ಮಲಗೇದ. ಬೆನ್ನು ಮ್ಯಾಲ, ತಲಿ ಆ ಕಡೆ. ನಮ್ಮ ಬಲ ಅಂದ್ರ ಅದರದ್ದೂ ಬಲನೇ." ಅಷ್ಟು ಹೇಳಿ ಅವನು ಗೋಡೆಯ ಕಡೆ ತಿರುಗಿ ಕೂತುಬಿಟ್ಟಿದ್ದ. ಎಷ್ಟು ಕೂಗಿದರೂ ಮತ್ತೆ ಮಾತಾಡಿರಲಿಲ್ಲ.

ಈಗ ಶೆಡ್ಡಿನಲ್ಲಿ ಮಧುಮತಿ ಬಾಲದ ಕಡೆ ಬಂದು ನಿಂತು, ಕೈ ಚಾಚಿ ನೋಡಿದಳು. ಬಿಲ್ಲೆ ಕಿತ್ತ ಜಾಗ ಅವಳ ಬಲಕ್ಕೇ ಇತ್ತು. ಇದನ್ನು ಎಡ ಎನ್ನಬೇಕಾದರೆ ಒಂದೋ ಹಂಸಾಗೆ ಗಾಬರಿ, ಇಲ್ಲವೋ ಈ ಪ್ರಾಣಿಯ ಬಗ್ಗೆ ಬೇರೆಯವರಿಗೆ ತಿಳಿಯದ ಏನೋ ಅವಳಿಗೆ ತಿಳಿದಿತ್ತು.

"ಅಮ್ಮಾ, ಅವರು ತೀರಿಕೊಂಡ ದಿನ ಇದರ ಬಗ್ಗೆ ನಿಮಗೇನರ ಹೇಳಿದ್ರಾ?"

ಕಾತ್ಯಾಯಿನಿ ಬೀದಿಯ ಕಡೆ ತಿರುಗಿದರು. ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು.

"ಬೇರೆ ಯಾರ ಹತ್ರಾನೂ ಹೇಳಿಲ್ಲ ಇದನ್ನ," ಎಂದರು. "ಬೆಳಿಗ್ಗೆ ನಾನು ಒಲೆ ಮುಂದಿದ್ದೆ. ಕೈಯೆಲ್ಲ ಕೆಂಪು ಧೂಳು ಮಾಡ್ಕೊಂಡು ಓಡಿಬಂದ್ರು. 'ಕಾತ್ಯಾ, ನಮ್ಮ ಮಗು ಮಗುಚಿಕೊಳ್ತು ಕಣೇ! ಸಿಹಿ ಮಾಡು' ಅಂದ್ರು."

ಮಗು ಮೊದಲ ಸಲ ಮಗುಚಿಕೊಂಡ ದಿನ ಮನೆಯಲ್ಲಿ ಸಿಹಿ ಮಾಡುತ್ತಾರೆ. ಆ ಮನೆಯಲ್ಲಿ ಅಂಥ ಸಿಹಿ ಎಂದೂ ಆಗಿರಲಿಲ್ಲ. ಶಾಮಣ್ಣ, ಕಾತ್ಯಾಯಿನಿಗೆ ಮಕ್ಕಳಿರಲಿಲ್ಲ.

"ಮಕ್ಕಳಿಲ್ಲದೋಳ ಮುಂದೆ ಆಡೋ ಮಾತಾ ಅದು? ಸೌಟು ಎಸೆದ್ಬಿಟ್ಟೆ. ಅವರ ಮುಖ ಇಷ್ಟಾಯ್ತು. ಏನೋ ಹೇಳೋಕೆ ಬಂದ್ರು, ನಾನು ಕೇಳ್ಳಿಲ್ಲ. ಊಟಕ್ಕೆ ಕರೀಲಿಲ್ಲ. ಸಾಯಂಕಾಲ ಕಾಫಿ ಕೊಡೋಣ ಅಂತ ಬಂದ್ರೆ..." ಕಾತ್ಯಾಯಿನಿ ಮೇಜಿನ ಬುಡದ ಕಡೆ ಕೈ ತೋರಿಸಿದರು. "ಕೊನೇ ಮಾತು ಅದೇ ಆಗೋಯ್ತು."

ಮಧುಮತಿಯ ಕಣ್ಣೂ ತುಂಬಿತು. ಆದರೆ ಪತ್ತೇದಾರಿ ಕಸುಬೇ ಪಾಪಿ ಕಸುಬು, ಕಣ್ಣು ಅಳುತ್ತಿದ್ದರೂ ತಲೆ ಲೆಕ್ಕ ಹಾಕುತ್ತಿರುತ್ತದೆ.

ನಮ್ಮ ಮಗು ಎಂದರೆ ಯಾವುದು? ಆ ಮನುಷ್ಯನಿಗೆ ಇದ್ದ ಒಂದೇ ಮಗು ಈ ಮೇಜಿನ ಮೇಲೆ ಮಲಗಿದೆ.

ಅವಳು ಮೊಬೈಲಿನ ಟಾರ್ಚ್ ಹಚ್ಚಿ, ಬಿಲ್ಲೆ ಕಿತ್ತ ಜಾಗಕ್ಕೆ ಹಿಡಿದಳು. ಸುತ್ತಲಿನ ಬಿಲ್ಲೆಗಳ ಮೇಲೆ ಬೆರಳಾಡಿಸಿದಳು, ನುಣುಪು. ಈ ಜಾತಿಯ ಬಿಲ್ಲೆಗಳ ಹೊರಮೈ ಹಲಸಿನ ಸಿಪ್ಪೆಯ ಹಾಗೆ ಒರಟಾಗಿರುತ್ತದೆ, ಇದರದ್ದು ಮಾತ್ರ ಹೊಳೆಯ ನೀರಿಗೆ ಸವೆದುಹೋಗಿದೆ ಎಂದು ನಿಂಗರಾಜ ಮೊದಲ ಭೇಟಿಯಲ್ಲೇ ವಿವರಿಸಿದ್ದ. ಈಗ ಅವಳು ಕಿತ್ತ ಜಾಗದ ತಳಕ್ಕೆ ಬೆರಳಿಟ್ಟಳು. ಬಿಲ್ಲೆ ಕೂತಿದ್ದ ಕಲ್ಲಿನಲ್ಲಿ ಅದರ ಅಡಿಭಾಗದ ಅಚ್ಚು ಉಳಿದಿತ್ತು. ಅದು ಒರಟಾಗಿತ್ತು. ಗುಳಿ, ಉಬ್ಬು, ಗುಳಿ, ಉಬ್ಬು.

ಒರಟು ಹೊರಮೈ ಕೆಳಗಿದೆ. ನಾವು ನೋಡುತ್ತಿರುವುದು ಒಳಮೈ. ಸವೆದೂ ಇಲ್ಲ, ಏನೂ ಇಲ್ಲ. ಬೆನ್ನೆಲುಬು, ಪಕ್ಕೆಲುಬು ಎಂದೋ ಕೊಚ್ಚಿಹೋಗಿದ್ದರಿಂದ ಗುರುವಿಗೂ ಶಿಷ್ಯನಿಗೂ ಗೊತ್ತಾಗಿರಲಿಲ್ಲ. ಇಷ್ಟು ದಿನ ಎಲ್ಲರೂ ಬೋರಲು ಎಂದುಕೊಂಡಿದ್ದ ಪ್ರಾಣಿ ಅಂಗಾತ ಬಿದ್ದಿತ್ತು!

ಮಲಗಿದ ಮಗುವನ್ನು ಮಗುಚಿ ಹಾಕಿದರೆ ಅದರ ಎಡಗೈ ಈ ಕಡೆಯಿಂದ ಆ ಕಡೆಗೆ ಹೋಗುತ್ತದೆ. ಅಂಗಾತ ಬಿದ್ದ ಈ ಪ್ರಾಣಿಗೆ ಮಧುಮತಿಯ ಬಲವೇ ಎಡ. ಶಾಮಣ್ಣನಿಗೆ ಅದು ತಿಳಿದದ್ದು ಸತ್ತ ದಿನ ಬೆಳಿಗ್ಗೆ. ಶಿಷ್ಯನಿಗೆ ಇವತ್ತಿಗೂ ಹೇಳಿದವರಿಲ್ಲ.

ಅದೇ ಸಂಜೆ ಹಂಸಾ 'ಎಡಗಡೆಯ ಬಿಲ್ಲೆ' ಎಂದಿದ್ದಳು.

ಗೇಟಿನ ಸದ್ದಾಯಿತು. ಸ್ಕೂಟರ್ ನಿಲ್ಲಿಸಿ, ಹೆಲ್ಮೆಟ್ ತೆಗೆಯುತ್ತ ಹಂಸಾ ಒಳಗೆ ಬಂದಳು. ಮೂವತ್ತರ ಹೊಸ್ತಿಲಲ್ಲಿದ್ದ ಹುಡುಗಿ, ಅಚ್ಚುಕಟ್ಟಾದ ಜಡೆ, ನಗುಮುಖ.

"ಚಿಕ್ಕಮ್ಮಾ, ಯಾಕೆ ಇಲ್ಲಿ ನಿಂತಿದೀರ? ಮತ್ತೆ ಸದ್ದು ಕೇಳ್ತಾ?" ಮಧುಮತಿಯನ್ನು ಕಂಡು ಅವಳ ನಗು ಒಂದು ಹಿಡಿ ಕಡಿಮೆಯಾಯಿತು. "ಓ, ಮೇಡಂ. ಬಂದಿದೀರಾ."

"ಬರ್ರಿ ಡಾಕ್ಟ್ರ, ಒಳಗ ಬರ್ರಿ."

"ಬೇಡಪ್ಪಾ. ನನಗೆ ಈ ಮೂಳೆಗೀಳೆ ಆಗಿಬರಲ್ಲ ಅಂತ ಹೇಳಿದೀನಲ್ಲ."

"ಒಂದಽ ಮಾತು ಕೇಳೋದೈತಿ. ಹೋಗಿದ್ದು ಯಾವ ಬಿಲ್ಲೆ?"

"ಎಡಗಡೇದು." ಹಂಸಾ ತಡವರಿಸಲಿಲ್ಲ.

"ಇಲ್ಲಿ ಬಂದು ನಿಂತು ನೋಡ್ರಿ. ಬಲಗಡೆ ಐತಿ."

ಹಂಸಾ ಹೊಸ್ತಿಲಿಂದಲೇ ಇಣುಕಿ ನಕ್ಕಳು. "ಅಷ್ಟೇನಾ? ನಾವು ಡೆಂಟಿಸ್ಟ್‌ಗಳು ಮೇಡಂ. ಪೇಷಂಟ್ ಎಡ ಯಾವ್ದೋ ಅದೇ ನಮಗೆ ಎಡ. ಅಭ್ಯಾಸಬಲ."

"ಅದನ್ನೂ ಲೆಕ್ಕ ಹಾಕೀನ್ರಿ. ಪೇಷಂಟ್ ನಿಮಗ ಮುಖ ಕೊಟ್ಟು ಮಲಗಿರ್ತಾನ, ಅಂಗಾತ. ಇದು ಎಲ್ಲಾರ ಲೆಕ್ಕದಾಗ ಬೋರಲು ಬಿದ್ದೈತಿ. ಬೋರಲು ಬಿದ್ದೋನ ಬಲಗೈ ನಿಮ್ಮ ಬಲಕ್ಕಽ ಇರ್ತದ. ಡೆಂಟಿಸ್ಟ್ ಆದ್ರೂ ಬಲ ಅಂತಾನ, ಕಂಪೌಂಡರ್ ಆದ್ರೂ ಬಲ ಅಂತಾನ. ಇದು ಅಂಗಾತ ಐತಿ ಅಂತ ಗೊತ್ತಿದ್ದೋರು ಒಬ್ರಽ ಇದನ್ನ ಎಡ ಅನ್ನೋದು."

ಹಂಸಾಳ ಕೈಯಲ್ಲಿದ್ದ ಹೆಲ್ಮೆಟ್ ಈ ಕೈಯಿಂದ ಆ ಕೈಗೆ ಹೋಯಿತು.

"ಹಲ್ಲು ನೋಡಿದ್ರೆ ಗೊತ್ತಾಗಲ್ವಾ?" ಎಂದಳು. "ಕೆಳದವಡೆ ಮೇಲಿದೆ. ಅಂದ್ರೆ ಅಂಗಾತ ಬಿದ್ದಿದೆ. ಡೆಂಟಿಸ್ಟ್‌ಗೆ ಅಷ್ಟೂ ತಿಳಿಯಲ್ವಾ?"

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುವುದು ಇದಕ್ಕೇ. ಮಾತು ಹೊರಬಿದ್ದ ಮೇಲೆ ಹಂಸಾಗೂ ಅದು ತಿಳಿಯಿತು. ಅವಳು ನಿಂತ ಜಾಗದಿಂದ ಹಲ್ಲು ಕಾಣುತ್ತಿರಲಿಲ್ಲ.

"ಹಲ್ಲು ಹೊರಗ ಬಂದಿದ್ದು ಇವತ್ತ ಮಧ್ಯಾಹ್ನರಿ," ಎಂದಳು ಮಧುಮತಿ, ದನಿ ಏರಿಸದೆ. "ನೀವು ಎಡಗಡೆ ಅಂದಿದ್ದು ನಿಮ್ಮ ಚಿಕ್ಕಪ್ಪ ಸತ್ತ ಸಂಜಿ. ಅವತ್ತ ಇಲ್ಲಿ ಒಂದ ಹಲ್ಲೂ ಇರಲಿಲ್ಲ. ಮತ್ತ ಇವತ್ತ ಇದನ್ನ ಬಿಡಿಸಿದ ಕೈಗೆ ಲವಂಗದೆಣ್ಣಿ ವಾಸನಿ ಐತಿ. ನಿಮ್ಮ ಕ್ಲಿನಿಕ್ಕು ಮಧ್ಯಾಹ್ನ ನಾಲ್ಕರ ತನಕ ಮುಚ್ಚಿರ್ತದ. ಅಮ್ಮಾರ ಕೀ ಅವರ ಸೊಂಟದಾಗ ಐತಿ, ನಿಮ್ಮ ಹತ್ರ ಇರೋ ಚಿಕ್ಕಪ್ಪನ ಕೀ ಕೊಡ್ರಿ."

ಕಾತ್ಯಾಯಿನಿ ಮಗಳಂತೆ ಸಾಕಿದ ಅಕ್ಕನ ಮಗಳನ್ನು ಗುರುತು ಸಿಗದವರಂತೆ ನೋಡಿದರು. "ನೀನಾ? ಆ ಸದ್ದು ನೀನಾ? ಹೆದರಿ ಸಾಯ್ತಿದೀನಿ ಅಂತ ನಿನ್ನ ಹತ್ರಾನೇ ಹೇಳ್ಕೊಂಡೆನಲ್ಲೇ! ನನ್ನ ತಲೆ ಸವರಿ, ಏನಿಲ್ಲ ಮಲಕ್ಕೊಳಿ ಅಂದ್ಯಲ್ಲೇ!"

ಹಂಸಾ ಜೀನ್ಸಿನ ಜೇಬಿನಿಂದ ಕೀ ತೆಗೆದು ಮೇಜಿನ ಮೇಲಿಟ್ಟಳು. ಆಮೇಲೆ ಅಲ್ಲಿದ್ದ ಸ್ಟೂಲಿನ ಮೇಲೆ ಕುಸಿದು ಕೂತಳು.

"ನಿಂಗರಾಜ ಒಳಗಿದಾನೆ. ಚಿಕ್ಕಪ್ಪ ಇಲ್ಲ. ಇದನ್ನ ಮುಗಿಸೋರು ಯಾರು?" ಎಂದಳು. "ಬೇರೆ ಯಾರಾದ್ರೂ ಮೊದಲು ಬರೆದು ಹೆಸರಿಟ್ಟುಬಿಟ್ರೆ ಅವನ ಆರು ವರ್ಷ ಮಣ್ಣುಪಾಲು. ಕಲ್ಲಿಂದ ತಲೆ ಬಿಡಿಸೋದು ಅವನೇ ನನಗೆ ಹೇಳ್ಕೊಟ್ಟಿದ್ದ. ಹಲ್ಲಾದ್ರೂ ಬಿಡಿಸಿಡೋಣ, ಬಂದ ಮೇಲೆ ಬರ್ಕೊಳ್ತಾನೆ ಅಂತ..."

"ಅವನು ಅಂದ್ರೆ?" ಎಂದರು ಕಾತ್ಯಾಯಿನಿ.

"ಅವನು ಅಂದ್ರೆ ಅವನೇ, ಚಿಕ್ಕಮ್ಮ. ನಾವು ಮದುವೆ ಆಗ್ಬೇಕು ಅಂತಿದೀವಿ."

ಕಾತ್ಯಾಯಿನಿ ಬಾಗಿಲಿಗೆ ಒರಗಿದರು. ಮಧುಮತಿ ಮಾತ್ರ ಬಿಡಲಿಲ್ಲ. "ಅವತ್ತ ಏನಾತು ಹೇಳ್ರಿ. ಎಲ್ಲಾ."

"ಮಧ್ಯಾಹ್ನ ಬಂದಿದ್ದೆ. ಚಿಕ್ಕಮ್ಮ ಮಲಗಿದ್ರು. ಇಬ್ರೂ ಒಟ್ಟಿಗೆ ಹೇಳೋಣ ಅಂತ ನಿಂಗರಾಜಂಗೆ ಮಾತು ಕೊಟ್ಟಿದ್ದೆ, ಆದ್ರೆ ತಡೀಲಿಲ್ಲ, ಚಿಕ್ಕಪ್ಪಂಗೆ ಹೇಳ್ಬಿಟ್ಟೆ. ಎಷ್ಟು ಖುಷಿಪಟ್ರು ಗೊತ್ತಾ? ಬೆಳಿಗ್ಗೆ ಸಡಿಲ ಮಾಡಿದ್ದ ಒಂದು ಬಿಲ್ಲೆ ಕಿತ್ತು, ತಿರುಗಿಸಿ ತೋರಿಸಿದ್ರು. 'ನೋಡು, ಎಡಗಡೇದು ಇದು, ನಾವೆಲ್ಲ ಉಲ್ಟಾ ನೋಡ್ತಿದ್ವಿ' ಅಂತ ನಕ್ಕಿದ್ದೇ ನಕ್ಕಿದ್ದು. 'ನಿಮ್ಮ ವಿಷಯ ಕಾತ್ಯಾಗೆ ನಾನೇ ಹೇಳ್ತೀನಿ, ಬೆಳಿಗ್ಗೆಯಿಂದ ಮುನಿಸ್ಕೊಂಡಿದಾಳೆ, ಅಲ್ಲೀವರ್ಗೂ ಯಾರಿಗೂ ಬಾಯಿ ಬಿಡಬೇಡ, ನಿಂಗರಾಜನಿಗೂ' ಅಂದ್ರು. ನಾನು ಹೊರಟಾಗ ಅವರು ಬದುಕಿದ್ರು ಮೇಡಂ. ಬಿಲ್ಲೆ ಅವರ ಕೈಯಲ್ಲಿತ್ತು. ಈ ಕೀನೂ ಅವರೇ ಕೊಟ್ಟಿದ್ದು, ಬಂದು ನೋಡ್ತಿರು ಅಂತ."

"ಆಮ್ಯಾಲ?"

"ಅಂಜನಾಪುರಕ್ಕೆ ಹೋದೆ. ನಿಂಗರಾಜ ಅಲ್ಲಿ ಕಾಯ್ತಿದ್ದ, ಬಾಡಿಗೆಗೆ ಮನೆ ನೋಡೋಕೆ. ಚಿಕ್ಕಮ್ಮನ ಫೋನ್ ಬರೋವರೆಗೂ ಜೊತೇಲಿದ್ವಿ."

ಮಧುಮತಿ ಸಾಮಾನ್ಯವಾಗಿ ಕೂಗುವವಳಲ್ಲ, ಈಗ ಕೂಗಿದಳು. "ಅಂದ್ರ ಕೊಲಿ ಆದ ಹೊತ್ತಿಗೆ ಅವ ನಿಮ್ಮ ಕೂಡ ಇದ್ದ! ಒಂದು ಮಾತು ನೀವು ಹೇಳಿದ್ರ ಅವ ಮನಿಗೆ ಬರ್ತಿದ್ದ. ನಿಮ್ಮ ಮಾನ ಉಳಿಸ್ಲಿಕ್ಕ ಅವ ಅಲ್ಲಿ ನೆಲದ ಮ್ಯಾಲ ಕುಂತಾನಲ್ರೀ! ನೀವು ಇಲ್ಲಿ ಹಲ್ಲು ತಿಕ್ಕೊಂತ ಕುಂತೀರಿ!"

"ಅವನೇ ಬೇಡ ಅಂದ," ಹಂಸಾ ಅತ್ತಳು. "ಅಮ್ಮಾರಿಗೆ ಈಗಲೇ ಗಂಡ ಹೋದ ದುಃಖ, ಇದೂ ಗೊತ್ತಾದ್ರೆ ತಡೆಯಲ್ಲ, ನಾನು ಹೆಂಗಾರ ಹೊರಗ ಬರ್ತೀನಿ ಅಂದ. ಚಿಕ್ಕಪ್ಪನ್ನ ನೋಡಿದ್ದನ್ನ ಅವನಿಗೂ ಹೇಳಿಲ್ಲ ನಾನು. ಹೇಳೋಕೆ ಧೈರ್ಯ ಬರ್ಲಿಲ್ಲ. ಮೊದಮೊದಲು ಭಯ, ಆಮೇಲೆ ನಾಚಿಕೆ, ಆಮೇಲೆ ಹೇಗೆ ಹೇಳೋದು ಅಂತಾನೇ ತಿಳೀಲಿಲ್ಲ."

ಕಾತ್ಯಾಯಿನಿ ಮಗಳಂಥ ಹುಡುಗಿಯನ್ನು ಬೈಯುತ್ತಾರೆ ಎಂದು ಮಧುಮತಿ ಕಾದಳು. ಅವರು ಬೈಯಲಿಲ್ಲ. ಕಣ್ಣೊರೆಸಿಕೊಂಡು, ಬ್ಯಾಂಕಿನ ಮ್ಯಾನೇಜರ್ ಆಗಿದ್ದ ಕಾಲದ ದನಿಯಲ್ಲಿ ಹೇಳಿದರು, "ಕೆಂಪರಾಜುಗೆ ಫೋನ್ ಮಾಡಿ. ಕಂಪ್ಲೇಂಟ್ ನಂದು. ತಪ್ಪಾಯ್ತು ಅಂತ ನಾನೇ ಹೇಳ್ತೀನಿ. ಆ ಹುಡುಗ ಇವತ್ತೇ ಹೊರಗೆ ಬರ್ಬೇಕು."

ಮಧುಮತಿ ನಂಬರ್ ಒತ್ತಿ, ಸ್ಪೀಕರ್ ಹಾಕಿ ಹಿಡಿದಳು.

"ಏನ್ರೀ ಮಧುಮತಿ, ನಾನೇ ಮಾಡೋಣ ಅಂತಿದ್ದೆ," ಎಂದಿತು ಕೆಂಪರಾಜುವಿನ ದನಿ. "ಕೇಸು ಮುಗೀತು. ಹುಡುಗ ಒಪ್ಕೊಂಡ."

"ಏನ ಒಪ್ಕೊಂಡ್ರಿ?"

"ನಾನೇ ಹೊಡೆದಿದ್ದು ಅಂತ. ನಾವು ಕೈ ಮಾಡಿಲ್ಲ ಕಣ್ರೀ, ಆಣೆಗೂ. ಬೆಳಿಗ್ಗೆ ನೀವು ಹೋದಾಗ್ಲಿಂದ ಗೋಡೆ ನೋಡ್ಕೊಂಡು ಕೂತಿದ್ದ. ಎಡ, ಬಲ, ಅಂಗಾತ, ಬೋರಲು ಅಂತ ಏನೇನೋ ಗೊಣಗ್ತಿದ್ದ. ಆಮೇಲೆ ಜೋರಾಗಿ ಅಳೋಕೆ ಶುರು ಮಾಡ್ದ. ಈಗ ಅರ್ಧ ಗಂಟೆ ಹಿಂದೆ ಕರೆದು, ಬರ್ಕೊಳಿ ಸಾರ್, ನಾನೇ ಕೊಂದೆ ಅಂದ."

ಹಂಸಾ ಬಾಯಿಗೆ ಕೈ ಅಡ್ಡ ಹಿಡಿದಳು. ಮಧುಮತಿಗೆ ಬೆಳಗ್ಗಿನದು ಅರ್ಥವಾಯಿತು. ಎಡಗಡೆ ಎಂದದ್ದು ಹಂಸಾ ಎಂದು ನಿಂಗರಾಜನಿಗೆ ಗೊತ್ತಾದದ್ದು ಮಧುಮತಿಯ ಎದುರಿಗೇ. ಪ್ರಾಣಿ ಮಗುಚಿದ್ದನ್ನು ಅವನು ಗೋಡೆ ನೋಡಿಕೊಂಡೇ ಕಂಡುಹಿಡಿದಿದ್ದ. ಅದನ್ನು ಹಂಸಾಗೆ ಹೇಳಬಲ್ಲವರು ಶಾಮಣ್ಣ ಒಬ್ಬರೇ ಎಂಬುದೂ, ಅವಳು ಅವತ್ತು ಅಲ್ಲಿದ್ದಳು, ತನ್ನಿಂದ ಮುಚ್ಚಿಟ್ಟಳು ಎಂಬುದೂ ಅವನಿಗೆ ಹೊಳೆದಿತ್ತು. ಅಂಜನಾಪುರಕ್ಕೆ ಬರುವ ಮೊದಲೇ ಹಂಸಾ ಅವರನ್ನು ಕೊಂದಿದ್ದಳು ಎಂದುಕೊಂಡು, ಪಾಪದ ಹುಡುಗ, ಅವಳ ಪಾಲಿನ ಶಿಕ್ಷೆಯನ್ನು ತನ್ನ ತಲೆಯ ಮೇಲೆ ಎಳೆದುಕೊಂಡಿದ್ದ.

"ಸುಳ್ಳು ಹೇಳಾಕತ್ತಾನ್ರಿ ಅವ. ಬಿಲ್ಲೆ ಎಲ್ಲೈತಿ ಅಂತ ಕೇಳಿದ್ರಾ?"

"ಕೇಳ್ದೆ ಬಿಡ್ತೀವಾ? ಸಾರಕ್ಕಿ ಕೆರೆಗೆ ಎಸೆದೆ ಅಂದ. ನಾಳೆ ಕೋರ್ಟಿಗೆ ಒಪ್ಪಿಸಿ, ಕೆರೆಗೆ ಜನ ಇಳಿಸ್ತೀವಿ."

"ಕೆರೇಲಿಲ್ಲ ಅದು," ಎಂದರು ಕಾತ್ಯಾಯಿನಿ.

"ಹಲೋ? ಯಾರದು ಮಾತಾಡಿದ್ದು? ಮೇಡಂ?"

ಮಧುಮತಿ ಫೋನಿನ ಮೇಲೆ ಅಂಗೈ ಮುಚ್ಚಿದಳು. ಹಂಸಾಳ ಅಳು ನಿಂತಿತ್ತು. ಇಬ್ಬರೂ ಹೊಸ್ತಿಲ ಕಡೆ ನೋಡಿದರು. ಕಾತ್ಯಾಯಿನಿ ಅಲ್ಲಿಂದ ತಿರುಗಿ, ಯಾರಿಗೂ ಬನ್ನಿ ಎನ್ನದೆ, ಹಿತ್ತಲ ಬಾಗಿಲಿನಿಂದ ಮನೆಯೊಳಕ್ಕೆ ನಡೆದರು. ಅವರಿಬ್ಬರೂ ಹಿಂದೆಯೇ ಬಂದರು. ಕಾತ್ಯಾಯಿನಿ ಅಡುಗೆಮನೆ ದಾಟಿದರು. ದೇವರ ಮನೆಯ ಮುಂದೆ ನಿಂತು ಚಿಲಕ ತೆಗೆದರು.

ಸಾಲಿಗ್ರಾಮದ ಪಕ್ಕದಲ್ಲಿ, ಬೆಳ್ಳಿ ತಟ್ಟೆಯ ಮೇಲೆ, ಅಂಗೈಯಗಲದ ಒಂದು ಕೆಂಪು ಮೂಳೆ. ಒರಟು ಮೈ ಮೇಲಾಗಿ ಇಟ್ಟಿತ್ತು. ಗುಳಿಗಳಲ್ಲೆಲ್ಲ ಕುಂಕುಮ ತುಂಬಿತ್ತು.

"ಹದಿಮೂರು ದಿನ ಈ ಬಾಗಿಲು ಮುಚ್ಚಿತ್ತು, ಸೂತಕ ಅಂತ," ಎಂದರು ಅವರು, ಮೆಲ್ಲಗೆ. "ವೈಕುಂಠ ಸಮಾರಾಧನೆ ಆದ್ಮೇಲೆ ಬಾಗಿಲು ತೆಗೆದ್ರೆ ಇದು ಇಲ್ಲಿತ್ತು. ಅವರೇ ಇಟ್ಟು ಹೋದ್ರು ಅಂದ್ಕೊಂಡು ಯಾರಿಗೂ ಹೇಳ್ಲಿಲ್ಲ. ತಂದಿಟ್ಟಿದ್ದು ನಾನಲ್ಲ, ಮಧುಮತಿ. ಆದ್ರೆ ಆವತ್ತಿಂದ ದಿನಾ ಇದಕ್ಕೆ ಹೂವೇರಿಸ್ತಿರೋದು ನಾನೇ."